ಮಂಜಿನ ದಿನದ ಎರಡು ಮಿಸ್ಡ್ ಕಾಲ್

ಹವಾಮಾನ ಕೆಟ್ಟಾಗ ಶಾಲೆಗೆ ರಜೆ ಕೊಡುವವರು ಆಕಾಶ ನೋಡಿ ಕೊಡುತ್ತಾರೆ ಎಂದು ನೀವು ನಂಬಿಕೊಂಡಿದ್ದರೆ, ಆ ನಂಬಿಕೆಯನ್ನು ಮೊದಲ ದಿನವೇ ಚಪ್ಪಲಿಯ ಜೊತೆ ಬಾಗಿಲ ಹೊರಗೆ ಬಿಟ್ಟು ಬನ್ನಿ. ಅವರು ನೋಡುವುದು ಪಕ್ಕದ ಶಾಲೆಯನ್ನು. ಪಕ್ಕದ ಶಾಲೆಯವರು ನೋಡುವುದು ಇವರನ್ನು. ದೋಹಾದ ಒಂದು ಭಾರತೀಯ ಶಾಲೆಯ ಕಚೇರಿಯಲ್ಲಿ ಇಪ್ಪತ್ತಮೂರು ವರ್ಷ ಕಾರ್ಯದರ್ಶಿಯಾಗಿ ಕೂತು ನಾನು ಕಂಡುಕೊಂಡ ಸತ್ಯಗಳಲ್ಲಿ ಇದು ಮೊದಲನೆಯದು. ಮಿಕ್ಕವು ಇದಕ್ಕಿಂತ ಕಹಿ.

ಇದನ್ನು ಬರೆಯಲು ಕಾರಣ ನನ್ನ ಕುರ್ಚಿಗೆ ಈಗ ಬಂದಿರುವ ಕುಂದಾಪುರದ ಹುಡುಗಿ. ನಾನು ನಿವೃತ್ತಳಾಗಿ ದೋಹಾದ ಅಲ್ ಸದ್ದ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಕಳೆದ ಚಳಿಗಾಲದಲ್ಲಿ ಅವಳು ಫೋನ್ ಮಾಡಿ, "ಆಂಟಿ, ಬೆಳಿಗ್ಗೆ ಮಂಜು ಜಾಸ್ತಿ ಇದ್ರೆ ಮೊದಲು ಯಾರಿಗೆ ಫೋನ್ ಮಾಡ್ಬೇಕು?" ಎಂದು ಕೇಳಿದಳು. ಸಲೀಸಾಗಿ ಉತ್ತರ ಹೇಳಬೇಕಾದವಳು ನಾನು ತಡವರಿಸಿದೆ. ಪ್ರಿನ್ಸಿಪಾಲರಿಗೆ ಮಾಡು ಎಂದು ಹೇಳಿ ಫೋನ್ ಇಟ್ಟೆ. ಅದು ತಪ್ಪು ಉತ್ತರ ಎಂದು ನನಗೆ ಗೊತ್ತಿತ್ತು. ಆಮೇಲೆ ಎರಡು ದಿನ ಮನಸ್ಸಿಗೆ ನೆಮ್ಮದಿ ಇರಲಿಲ್ಲ.

ಕತಾರಿನಲ್ಲಿ ಚಳಿಗಾಲಕ್ಕೆ ಶಾಲೆ ಮುಚ್ಚುತ್ತಾರೆ ಎಂದರೆ ಊರಿನವರು ನಗುತ್ತಾರೆ. ಮರಳುಗಾಡಿನಲ್ಲಿ ಎಂಥ ಚಳಿ ಎನ್ನುತ್ತಾರೆ. ಚಳಿ ಏನೂ ಮಾಡುವುದಿಲ್ಲ, ಒಂದು ಸ್ವೆಟರಿಗೆ ಅದು ಮುಗಿಯಿತು. ಕಷ್ಟ ಎರಡೇ. ವರ್ಷಕ್ಕೆ ಮೂರು ನಾಲ್ಕು ಸಲ ಬಂದು ಊರನ್ನೇ ನಿಲ್ಲಿಸಿಬಿಡುವ ಮಳೆ ಒಂದು. ಬೆಳಗಿನ ಜಾವ ಸಮುದ್ರದ ಕಡೆಯಿಂದ ಬಂದು ರಸ್ತೆಯ ಮೇಲೆ ಮಲಗುವ ಮಂಜು ಇನ್ನೊಂದು. ಬಸ್ಸುಗಳು ಹೊರಡುವುದೂ ಅದೇ ಹೊತ್ತಿಗೆ.

ಮಳೆಯ ವಿಚಾರದಲ್ಲಿ ನಾನೇ ಮೊದಲು ಎಡವಿದೆ. ಸೇರಿದ ವರ್ಷ. ನಾನು ಮೂಲ್ಕಿಯ ಕಡೆಯವಳು, ಕೊಡೆ ತಿರುಗಿಸಿ ಹಾಕುವ ಮಳೆಯಲ್ಲಿ ಗದ್ದೆಯ ಹುಣಿಯ ಮೇಲೆ ನಡೆದು ಶಾಲೆಗೆ ಹೋದವಳು. ನಮ್ಮಲ್ಲಿ ಜಿಲ್ಲಾಧಿಕಾರಿಗಳು ರಜೆ ಕೊಡಬೇಕಾದರೆ ಹೊಳೆ ರಸ್ತೆಗೆ ಬಂದಿರಬೇಕು. ಆ ದಿನ ದೋಹಾ ಅಲ್ ಜದೀದಾ ಬಡಾವಣೆಯಿಂದ ಒಬ್ಬ ತಾಯಿ ಫೋನ್ ಮಾಡಿ, ಮಳೆ ಶುರುವಾಗಿದೆ, ಮಗುವನ್ನು ಕಳಿಸಲೋ ಬೇಡವೋ ಎಂದು ಕೇಳಿದರು. ನಾನು ಕಿಟಕಿಯಿಂದ ನೋಡಿದೆ. ಊರಲ್ಲಾದರೆ ಹಪ್ಪಳ ಒಣಗಿಸಿದ್ದನ್ನು ಒಳಗೆ ತೆಗೆಯಲು ಕೂಡ ಯಾರೂ ಏಳದಷ್ಟು ಹನಿ. ಇದು ಮಳೆಯೇ ಅಲ್ಲ, ಧೈರ್ಯವಾಗಿ ಕಳಿಸಿ ಎಂದೆ. ಆಮೇಲೆ ಕೇಳಿದ ಎಲ್ಲರಿಗೂ ಅದನ್ನೇ ಹೇಳಿದೆ, ಸ್ವಲ್ಪ ನಕ್ಕೂ ಹೇಳಿದೆ. ಆ ಕಾಲದ ದೋಹಾದಲ್ಲಿ ನೀರು ಹರಿದುಹೋಗಲು ದಾರಿಯೇ ಇಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಎರಡು ಗಂಟೆಯಲ್ಲಿ ರೌಂಡಬೌಟುಗಳೆಲ್ಲ ಕೆರೆಯಾದವು. ಎಲ್‌ಕೆಜಿ ಮಕ್ಕಳ ಬಸ್ಸು ನೀರಿನ ನಡುವೆ ನಿಂತು, ಮಧ್ಯಾಹ್ನದವರೆಗೆ ಮಕ್ಕಳು ಒಳಗೇ ಕೂತು ಅತ್ತವು. ಆ ತಾಯಿ ಮರುದಿನ ಶಾಲೆಗೆ ಬಂದು ನನ್ನ ಮುಖವನ್ನೊಮ್ಮೆ ನೋಡಿ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಆಗ ಇದ್ದ ಪ್ರಿನ್ಸಿಪಾಲ್ ಒಬ್ಬ ಹೆಂಗಸು. ಬಹಳ ಗಡಸು. ಆದರೆ ಅವರೊಬ್ಬರು ನಿಜವಾಗಿ ಆಕಾಶ ನೋಡುತ್ತಿದ್ದರು. ಮಂಜಿನ ದಿನ ಮನೆಯ ಟೆರೇಸಿಗೆ ಹೋಗಿ ಎದುರಿನ ಮಸೀದಿಯ ಮಿನಾರಿನ ದೀಪ ಕಾಣುತ್ತದೆಯೋ ಎಂದು ನೋಡುವುದು ಅವರ ಪದ್ಧತಿ. ಅದಕ್ಕಿಂತ ಮುಖ್ಯವಾಗಿ, ಅವರು ಡ್ರೈವರರನ್ನು ಕೇಳುತ್ತಿದ್ದರು. ಕೇಳುತ್ತಿದ್ದುದು ನನ್ನ ಮೂಲಕ, ನಾನು ಕೇಳುತ್ತಿದ್ದುದು ಹಮೀದಣ್ಣನನ್ನು.

ಹಮೀದಣ್ಣ ವಿಟ್ಲದ ಕಡೆಯ ಬ್ಯಾರಿ. ನಮ್ಮ ಬಸ್ಸು ಡ್ರೈವರುಗಳಲ್ಲಿ ಎಲ್ಲರಿಗಿಂತ ಹಳಬರು, ಉಳಿದವರು ಅವರ ಮಾತು ಕೇಳುತ್ತಿದ್ದರು. ನಾವಿಬ್ಬರೂ ತುಳುವಿನಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ನಾನು ಅವರಿಗೆ ಅಕ್ಕ, ವಯಸ್ಸಿನಲ್ಲಿ ಅವರೇ ದೊಡ್ಡವರಾದರೂ. ಡ್ರೈವರುಗಳ ವಸತಿ ಊರ ಹೊರಗಿತ್ತು, ಮಂಜು ಮೊದಲು ಇಳಿಯುವುದು ಅಲ್ಲಿ. ಬೆಳಗಿನ ಜಾವದ ಸುಬಹಿ ನಮಾಜಿಗೆ ನಡೆದು ಹೋಗುವಾಗ ಅವರು ರಸ್ತೆಯ ದೀಪದ ಕಂಬಗಳನ್ನು ಎಣಿಸುತ್ತಿದ್ದರು. ಐದು ಕಂಬ ಕಂಡರೆ ಫೋನಿಲ್ಲ. ಮೂರು ಕಂಡರೆ ನನಗೆ ಒಂದು ಮಿಸ್ಡ್ ಕಾಲ್, ಅಂದರೆ ತಡವಾಗಿ ಹೊರಡೋಣ. ಒಂದೇ ಕಂಬ ಕಂಡರೆ ಎರಡು ಮಿಸ್ಡ್ ಕಾಲ್, ಅಂದರೆ ಇವತ್ತು ಗಾಡಿ ತೆಗೆಯಲಿಕ್ಕೆ ಆಗುವುದಿಲ್ಲ. ನಾನು ಪ್ರಿನ್ಸಿಪಾಲರ ಹತ್ತಿರ ಮಾತಾಡಿ ಹಮೀದಣ್ಣನಿಗೆ ತಿರುಗಿ ಫೋನ್ ಮಾಡಿದರೆ ಬಸ್ಸು ನಿಲ್ಲುತ್ತದೆ. ನನ್ನ ಫೋನ್ ಬಾರದಿದ್ದರೆ ಹೊರಡುತ್ತದೆ. ಇದನ್ನು ಎಲ್ಲೂ ಯಾರೂ ಬರೆದಿಟ್ಟಿರಲಿಲ್ಲ. ಹತ್ತು ಹನ್ನೆರಡು ವರ್ಷ ಒಂದು ಮಗುವಿಗೂ ಗೀರು ಬೀಳದಂತೆ ಇದು ನಡೆಯಿತು.

ಆ ಹೆಂಗಸು ಊರಿಗೆ ಹೋದ ಮೇಲೆ ಬಂದವರು ಬೇರೆಯೇ ಥರದ ಮನುಷ್ಯ. ಮಾತು ಬೆಣ್ಣೆ, ಟೈ ಯಾವತ್ತೂ ನೇರ. ಅವರಿಗೆ ಮಂಜಿಗಿಂತ ದೊಡ್ಡ ಭಯ ಆಡಳಿತ ಮಂಡಳಿಯದು. ರಜೆ ಕೊಟ್ಟು ಬಿಸಿಲು ಬಂದರೆ ಪೋಷಕರು ಬೈಯುತ್ತಾರೆ, ಕೊಡದೆ ಏನಾದರೂ ಆದರೆ ಮಂಡಳಿ ಬೈಯುತ್ತದೆ. ಹಾಗಾಗಿ ಬೇರೆ ಶಾಲೆಯವರು ಏನು ಮಾಡುತ್ತಾರೆ ತಿಳಿಯಿರಿ ಎಂದು ನನ್ನ ಹಿಂದೆ ಬಿದ್ದರು. ಎಲ್ಲ ಶಾಲೆಯಲ್ಲೂ ಇಂಥವರೇ ಇದ್ದುದರಿಂದ ನಾವು ಕಾರ್ಯದರ್ಶಿಗಳು ನಮ್ಮೊಳಗೆ ಒಂದು ಗುಟ್ಟಿನ ವ್ಯವಸ್ಥೆ ಮಾಡಿಕೊಂಡೆವು. ಅದಕ್ಕೂ ಹಮೀದಣ್ಣನ ವಿದ್ಯೆಯೇ. ಒಂದು ಮಿಸ್ಡ್ ಕಾಲ್ ಎಂದರೆ ಶಾಲೆ ಉಂಟು, ಎರಡು ಎಂದರೆ ತಡ, ಮೂರು ಎಂದರೆ ರಜೆ.

ಒಂದು ಬೆಳಿಗ್ಗೆ ಇನ್ನೊಂದು ಶಾಲೆಯ ಗೆಳತಿಯಿಂದ ನಾಲ್ಕು ಬಂದವು. ನಾಲ್ಕಕ್ಕೆ ನಮ್ಮಲ್ಲಿ ಅರ್ಥವೇ ಇರಲಿಲ್ಲ. ಮೂರಾಗಿರಬೇಕು, ಗಾಬರಿಯಲ್ಲಿ ಒಂದು ಜಾಸ್ತಿ ಒತ್ತಿರಬೇಕು ಎಂದು ನಾನು ತೀರ್ಮಾನಿಸಿದೆ. ತಿರುಗಿ ಫೋನ್ ಮಾಡಿ ಕೇಳಬಹುದಿತ್ತು. ಮಿಸ್ಡ್ ಕಾಲಿಗೆ ತಿರುಗಿ ಮಾಡಿದರೆ ಅದು ಮಿಸ್ಡ್ ಕಾಲ್ ಹೇಗಾಗುತ್ತದೆ ಎಂಬ ನಮ್ಮವರ ಬುದ್ಧಿ ಅಡ್ಡ ಬಂತು. ಪ್ರಿನ್ಸಿಪಾಲರು ರಜೆ ಎಂದರು, ನಾನು ಎಲ್ಲರಿಗೂ ಸಂದೇಶ ಕಳಿಸಿದೆ. ಎಂಟು ಗಂಟೆಗೆ ಕನ್ನಡಿಯಂಥ ಬಿಸಿಲು. ದೋಹಾದಲ್ಲಿ ಆ ದಿನ ಮುಚ್ಚಿದ್ದು ನಮ್ಮ ಶಾಲೆಯೊಂದೇ. ಆಕೆ ಕೊಟ್ಟದ್ದು ಎರಡು, ಲೈನ್ ತುಂಡಾಯಿತೆಂದು ಮೊದಲಿನಿಂದ ಮತ್ತೆ ಎರಡು ಕೊಟ್ಟಿದ್ದಳಂತೆ. ಇವತ್ತಿಗೂ ಇದನ್ನು ಹೇಳಿ ನಾವಿಬ್ಬರೂ ನಗುತ್ತೇವೆ. ನಗು ಅಲ್ಲಿಗೆ ನಿಂತಿದ್ದರೆ ನನಗೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ.

ಮಂಡಳಿಯವರು ಪ್ರಿನ್ಸಿಪಾಲರನ್ನು ಕರೆಸಿ ಮಾತಾಡಿದರು. ಕಪಾಳಕ್ಕೆ ಹೊಡೆಸಿಕೊಂಡವರ ಹಾಗೆ ಬಂದ ಅವರು ಎರಡು ಹೊಸ ಕ್ರಮ ತಂದರು. ಮೊದಲನೆಯದು, ಇನ್ನು ಮುಂದೆ ರಜೆ ಎಂಬ ಪದವೇ ಇಲ್ಲ, ಸರಕಾರದಿಂದ ಆದೇಶ ಬಂದರೆ ಮಾತ್ರ. ಜವಾಬ್ದಾರಿ ನಮ್ಮ ಮೇಲೆ ಬಾರದಂಥ ಒಂದು ವಾಕ್ಯ ಬರೆಯಿರಿ ಎಂದು ನನಗೆ ಹೇಳಿದರು. ನಾನು ಬರೆದುಕೊಟ್ಟೆ. ಶಾಲೆ ಎಂದಿನಂತೆ ನಡೆಯುತ್ತದೆ, ಹವಾಮಾನವನ್ನು ಗಮನಿಸಿ ಮಕ್ಕಳನ್ನು ಕಳಿಸುವ ವಿಚಾರದಲ್ಲಿ ಪೋಷಕರು ತಮ್ಮ ವಿವೇಚನೆ ಬಳಸಬಹುದು. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಅಂದು ಸಂಜೆ ನನ್ನ ಮೇಜಿನ ಮೇಲೆ ಒಂದು ಡಬ್ಬಿ ಖರ್ಜೂರ ಇಟ್ಟು ಹೋದರು. ಬೇರೆ ಶಾಲೆಯವರೂ ಆ ವಾಕ್ಯವನ್ನು ನಕಲು ಮಾಡಿಕೊಂಡರು. ನನಗೆ ಹೆಮ್ಮೆಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಗಂಡ ಹೆಂಡತಿ ಇಬ್ಬರೂ ಆರೂವರೆಗೆ ಕೆಲಸಕ್ಕೆ ಹೊರಡುವ ಮನೆಯಲ್ಲಿ ವಿವೇಚನೆಗೆ ಜಾಗ ಎಲ್ಲಿದೆ? ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಒಬ್ಬ ತಾಯಿ ನನಗೆ ನೇರವಾಗಿಯೇ ಹೇಳಿದ್ದರು, ವಿವೇಚನೆ ಬಳಸಬೇಕಾದರೆ ಮನೆಯಲ್ಲಿ ಮಗು ನೋಡಿಕೊಳ್ಳುವವರು ಇರಬೇಕು ಮೇಡಂ ಎಂದು. ಬಸ್ಸು ಬಂದರೆ ಮಗು ಹತ್ತುತ್ತದೆ, ಅಷ್ಟೆ.

ಎರಡನೆಯ ಕ್ರಮ ಡ್ರೈವರುಗಳಿಗೆ. ರಸ್ತೆ ಸರಿಯಿಲ್ಲದಿದ್ದರೆ ಡ್ರೈವರ್ ಲಿಖಿತವಾಗಿ, ಅಂದರೆ ಫೋನಿನಲ್ಲಿ ಸಂದೇಶ ಬರೆದು ತಿಳಿಸಬೇಕು. ತಿಳಿಸದೆ ಗಾಡಿ ತೆಗೆದರೆ ಹೊಣೆ ಅವನದು. ಮಿಸ್ಡ್ ಕಾಲ್ ಲೆಕ್ಕಕ್ಕಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿದವಳು ನಾನೇ, ಡ್ರೈವರುಗಳನ್ನು ಒಬ್ಬೊಬ್ಬರಾಗಿ ಕರೆದು ಸಹಿ ಹಾಕಿಸಿದವಳೂ ನಾನೇ. ಹಮೀದಣ್ಣನ ಹತ್ತಿರ ಇದ್ದದ್ದು ಹಳೆಯ ಗುಂಡಿ ಫೋನು. ಓದು ಬರಹ ತನ್ನ ಹೆಸರು ಗೀಚುವಷ್ಟು ಮಾತ್ರ.

"ಇದರಲ್ಲಿ ಎಂತ ಬರ್ದಿದ್ದಾರೆ ಅಕ್ಕ?" ಎಂದು ಕೇಳಿದರು.

"ಎಂತದ್ದೂ ಇಲ್ಲ ಹಮೀದಣ್ಣ, ಆಫೀಸಿನ ಕಾಗದ. ನೀವು ಮೊದಲಿನ ಹಾಗೇ ಮಿಸ್ಡ್ ಕಾಲ್ ಕೊಡಿ. ನಾನು ನೋಡಿಕೊಳ್ತೇನೆ."

ಅವರು ಕನ್ನಡಕ ಸರಿ ಮಾಡಿಕೊಂಡು, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು.

ಅದೇ ಚಳಿಗಾಲ, ಜನವರಿಯಲ್ಲಿ, ಒಂದು ಭಾನುವಾರ. ಇಲ್ಲಿ ವಾರ ಶುರುವಾಗುವುದು ಭಾನುವಾರಕ್ಕೆ. ಐದು ಗಂಟೆಗೆ ಸ್ವಲ್ಪ ಮೊದಲು ನಾನು ಅಡುಗೆಮನೆಯಲ್ಲಿ ದೋಸೆಗೆ ಕಾವಲಿ ಇಟ್ಟಿದ್ದೆ. ಫೋನ್ ಒಂದು ಸಲ ಹೊಡೆದು ನಿಂತಿತು. ಕೈ ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಸಲ ಹೊಡೆದು ನಿಂತಿತು. ಎರಡೂ ಹಮೀದಣ್ಣನದೇ. ಒಂದೇ ಕಂಬ. ಬಾಲ್ಕನಿಗೆ ಹೋಗಿ ನೋಡಿದರೆ ಕೆಳಗೆ ನಿಂತಿದ್ದ ನಮ್ಮದೇ ಕಾರು ನನಗೆ ಕಾಣಲಿಲ್ಲ.

ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಡ್ರೈವರ್ ಆಗುವುದಿಲ್ಲ ಅನ್ನುತ್ತಿದ್ದಾರೆ ಎಂದೆ. ಸಂದೇಶ ಬಂದಿದೆಯಾ ಎಂದು ಕೇಳಿದರು. ಮಿಸ್ಡ್ ಕಾಲ್ ಬಂದಿದೆ, ಅವರಿಗೆ ಬರೆಯಲು ಬರುವುದಿಲ್ಲ ಎಂದೆ. ಹಾಗಾದರೆ ಅವನು ಏನೂ ಹೇಳಿಲ್ಲ ಎಂದರು. ಬೇರೆ ಶಾಲೆಗಳು? ತೆರೆದಿವೆ ಎಂದೆ. ಆ ಶಾಲೆಗಳೂ ನಾವು ತೆರೆದಿದ್ದೇವೆ ಎಂದೇ ತೆರೆದಿದ್ದವು. ನಿಮ್ಮ ವಾಕ್ಯ ಕಳಿಸಿ ಎಂದು ಹೇಳಿ ಅವರು ಫೋನ್ ಇಟ್ಟರು.

ಕಳಿಸಿದೆ. ವಿವೇಚನೆಯ ವಾಕ್ಯ ಎಲ್ಲರ ಫೋನಿಗೂ ಹೋಯಿತು. ಆಮೇಲೆ ಹಮೀದಣ್ಣನ ಹೆಸರನ್ನು ತೆರೆದು ನೋಡುತ್ತಾ ನಿಂತೆ. ಫೋನ್ ಮಾಡಿದರೆ ಬಸ್ಸು ನಿಲ್ಲುತ್ತದೆ, ಅದಕ್ಕೆ ನಾನು ಉತ್ತರ ಕೊಡಬೇಕಾಗುತ್ತದೆ. ನನ್ನ ಗಂಡನ ಕಂಪನಿ ಆಗಷ್ಟೇ ಮುಚ್ಚಿತ್ತು. ನಮ್ಮೆಲ್ಲರ ವೀಸಾ ನನ್ನ ಕೆಲಸದ ಮೇಲೆ ನಿಂತಿತ್ತು, ಮಗಳು ಹನ್ನೆರಡನೇ ಕ್ಲಾಸು. ಇದು ಕಾರಣ. ಇದನ್ನು ಕ್ಷಮೆಗೆ ಅಂತ ಹೇಳುತ್ತಿಲ್ಲ. ಕಾವಲಿಯ ಮೇಲಿನ ದೋಸೆ ಕರಕಲಾಗುವವರೆಗೆ ನಿಂತಿದ್ದೆ, ಫೋನ್ ಮಾಡಲಿಲ್ಲ.

ಅಲ್ ವಕ್ರಾ ಊರಿಗೆ ಹೋಗುವ ರಸ್ತೆಯ ಅಂಚಿನಲ್ಲಿ ಒಂದು ಲಾರಿ ದೀಪವಿಲ್ಲದೆ ನಿಂತಿತ್ತು, ಬಸ್ಸು ಹಿಂದಿನಿಂದ ಅದಕ್ಕೆ ಗುದ್ದಿತು. ಹಮೀದಣ್ಣ ಎಷ್ಟು ನಿಧಾನವಾಗಿ ಹೋಗುತ್ತಿದ್ದರೆಂದರೆ ಬಸ್ಸಿನಲ್ಲಿದ್ದ ಹನ್ನೊಂದು ಮಕ್ಕಳಲ್ಲಿ ಹತ್ತು ಮಕ್ಕಳಿಗೆ ಏನೂ ಆಗಲಿಲ್ಲ. ಎರಡನೇ ಕ್ಲಾಸಿನ ಒಬ್ಬಳ ಮುಂಗೈ ಮುರಿಯಿತು. ಹಮೀದಣ್ಣನ ಬಲ ಮೊಣಕಾಲು ಸ್ಟೇರಿಂಗಿನ ಕೆಳಗೆ ನುಚ್ಚಾಯಿತು. ಅವರು ಇಳಿಯಲು ಆಗದೆ ಅಲ್ಲೇ ಕೂತು, ಮಕ್ಕಳ ಹೆಸರು ಒಂದೊಂದಾಗಿ ಕರೆದು, ಹನ್ನೊಂದೂ ಓ ಎಂದ ಮೇಲೆ ಎಚ್ಚರ ತಪ್ಪಿದರಂತೆ. ಬಸ್ಸಿನಲ್ಲಿದ್ದ ಆಯಾ ನನಗೆ ಹೇಳಿದ್ದು. ಹಿಂದಿನಿಂದ ಗುದ್ದಿದವನದೇ ತಪ್ಪು ಎಂಬ ಕಾನೂನು ಎಲ್ಲ ಊರಿನಲ್ಲೂ ಒಂದೇ.

ಮಂಡಳಿಯವರು ವರದಿ ಕೇಳಿದರು. ರಸ್ತೆ ಅಪಾಯವಾಗಿದೆ ಎಂದು ಚಾಲಕ ಶಾಲೆಗೆ ತಿಳಿಸಿದ್ದನೇ ಎಂಬುದು ಅದರಲ್ಲಿದ್ದ ಒಂದೇ ಮುಖ್ಯ ಪ್ರಶ್ನೆ. ಪ್ರಿನ್ಸಿಪಾಲರು ನನ್ನ ಮೇಜಿನ ಎದುರು ನಿಂತು, ನೀವು ಚೆನ್ನಾಗಿ ಬರೆಯುತ್ತೀರಿ ಎಂದಷ್ಟೇ ಹೇಳಿದರು. ನಾನು ಬರೆದೆ: ಘಟನೆಯ ದಿನ ಚಾಲಕನಿಂದ ಯಾವುದೇ ಲಿಖಿತ ಮಾಹಿತಿ ಬಂದಿರಲಿಲ್ಲ. ಅಕ್ಷರ ಅಕ್ಷರ ನಿಜ. ಕೆಳಗೆ ಸಹಿ ಹಾಕಿದೆ. ಒಂದು ಅಕ್ಷರವೂ ಕೆಡಲಿಲ್ಲ.

ಆ ಒಂದು ಸಾಲಿನ ಮೇಲೆ ಹಮೀದಣ್ಣನ ಕೆಲಸ ಹೋಯಿತು. ವರದಿಯ ಒಂದು ಪ್ರತಿಯನ್ನು ಅವರ ಕೈಗೂ ಕೊಟ್ಟು, ಕುಂಟುವ ಕಾಲಿನಲ್ಲಿ ಊರಿನ ವಿಮಾನ ಹತ್ತಿಸಿದರು. ಹೊರಡುವ ಮೊದಲು ಕಚೇರಿಗೆ ಬಂದು ಎಲ್ಲರಿಗೂ ಸಲಾಂ ಹೇಳಿದರಂತೆ. ನಾನು ಆ ದಿನ ತಲೆನೋವೆಂದು ರಜೆ ಹಾಕಿದ್ದೆ. ರಜೆ ಸಿಕ್ಕಿತು.

ಪ್ರಿನ್ಸಿಪಾಲರು ಮುಂದೆ ಇನ್ನೂ ದೊಡ್ಡ ಶಾಲೆಗೆ ಹೋದರು. ಬೀಳ್ಕೊಡುಗೆಯ ಭಾಷಣ ಬರೆದದ್ದೂ ನಾನೇ. ಆಮೇಲೆ ಪದ್ಧತಿ ಬದಲಾಯಿತು, ಒಳ್ಳೆಯದಕ್ಕೇ ಬದಲಾಯಿತು. ಈಗ ಹವಾಮಾನದ ಎಚ್ಚರಿಕೆ ಹಿಂದಿನ ದಿನವೇ ಫೋನಿಗೆ ಬರುತ್ತದೆ, ಸರಕಾರವೇ ಹೇಳುತ್ತದೆ, ಮಕ್ಕಳು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪಾಠ ಕೇಳುತ್ತಾರೆ. ಬಸ್ಸು ಎಲ್ಲಿದೆ ಎಂದು ತಾಯಂದಿರಿಗೆ ನಕ್ಷೆಯಲ್ಲಿ ಕಾಣುತ್ತದೆ. ಎಲ್ಲ ಇದ್ದರೂ, ಯಂತ್ರ ಹೇಳದ ಮಂಜು ವರ್ಷಕ್ಕೆ ಒಂದೆರಡು ಸಲ ಇಳಿದೇ ಇಳಿಯುತ್ತದೆ. ಆಗ ಒಬ್ಬ ಡ್ರೈವರ್ ಹೇಗಾದರೂ ಮಾಡಿ ನಿಮಗೆ ಹೇಳಲು ನೋಡುತ್ತಾನೆ. ಕುಂದಾಪುರದ ಹುಡುಗಿಗೆ ನಾನು ಕೊಡಬೇಕಿದ್ದ ಉತ್ತರ ಇದು: ಮೊದಲು ಅವನಿಗೆ ತಿರುಗಿ ಫೋನ್ ಮಾಡು. ಪ್ರಿನ್ಸಿಪಾಲರಿಗೆ ಆಮೇಲೆ.

ಅವಳಿಗೆ ಹೇಳುವ ಮೊದಲು ನಾನೇ ಮಾಡಬೇಕಾದ ಫೋನ್ ಒಂದಿತ್ತು. ಏಳು ವರ್ಷ ತಡವಾಗಿತ್ತು. ಓಲ್ಡ್ ಏರ್‌ಪೋರ್ಟಿನಲ್ಲಿ ನಾನು ಕುಚ್ಚಲಕ್ಕಿ ತರುವ ಅಂಗಡಿಯವರು ವಿಟ್ಲದವರು, ಅವರಿಂದ ನಂಬರ್ ಸಿಕ್ಕಿತು. ಹೆಸರು ಹೇಳುತ್ತಲೇ ಹಮೀದಣ್ಣನಿಗೆ ಗುರುತು ಸಿಕ್ಕಿತು. ಮಗಳು ಹೇಗಿದ್ದಾಳೆ, ದೋಹಾದಲ್ಲಿ ಈಗ ಮೆಟ್ರೋ ಬಂದಿದೆಯಂತೆ ಹೌದಾ ಎಂದೆಲ್ಲ ಕೇಳಿದರು. ಕಾಲಿನ ವಿಚಾರ ನಾನು ಕೇಳಿದೆ. ಮಸೀದಿಯವರೆಗೆ ಹೋಗಿ ಬರುತ್ತೇನೆ, ಕುರ್ಚಿಯಲ್ಲಿ ಕೂತು ನಮಾಜು ಮಾಡುತ್ತೇನೆ ಎಂದರು. ಆಮೇಲೆ ಅವರೇ ಆ ಮಾತು ತೆಗೆದರು.

"ಆವತ್ತು ನಾನು ಇನ್ನೊಂದು ಸಲ ಮಾಡ್ಬೇಕಿತ್ತು ಅಕ್ಕ. ನೀವು ನಿದ್ದೆಯಲ್ಲಿದ್ರಿ ಅಂತ ಕಾಣ್ತದೆ. ಎರಡು ಸಲ ಮಾಡಿ ಸುಮ್ಮನಾದೆ. ಅದು ನನ್ನದೇ ಬುದ್ಧಿಗೇಡಿತನ."

ಏಳು ವರ್ಷ ಅವರು ನಾನು ಮಲಗಿದ್ದೆ ಎಂದುಕೊಂಡು, ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದರು.

"ನಾನು ಎಚ್ಚರ ಇದ್ದೆ ಹಮೀದಣ್ಣ. ಎರಡೂ ನೋಡಿದ್ದೆ. ಪ್ರಿನ್ಸಿಪಾಲರು ಬಸ್ಸು ಹೋಗ್ಲಿ ಅಂದ್ರು. ನಿಮಗೆ ತಿರುಗಿ ಫೋನ್ ಮಾಡ್ಲಿಕ್ಕೆ ನಾನು ಹೆದರಿದೆ."

ಆ ಕಡೆ ಕುಕ್ಕರ್ ಕೂಗುವುದು ಕೇಳಿಸಿತು. ಬೈಗುಳಕ್ಕೆ ಕಾದು ಕೂತೆ.

"ಹಾಗಾದ್ರೆ ನಾನು ಸರಿಯಾಗೇ ಕೊಟ್ಟಿದ್ದೆ," ಎಂದರು. ಸ್ವರ ಹಗುರವಾಗಿತ್ತು. "ಇದೊಂದು ನನ್ನ ಹೆಂಡ್ತಿಯ ಹತ್ರ ಹೇಳ್ತೀರಾ ಅಕ್ಕ? ಮಕ್ಕಳನ್ನು ಕೂರಿಸಿಕೊಂಡು ಅಜಾಗ್ರತೆ ಮಾಡಿದೆ ಅಂತ ಮನೆಯಲ್ಲಿ ಎಲ್ಲರ ಲೆಕ್ಕ. ಶಾಲೆಯ ಕಾಗದದಲ್ಲಿ ಹಾಗೇ ಉಂಟಂತಲ್ಲ, ಮಗಳು ಓದಿ ಹೇಳಿದ್ಳು."

ಅವರ ಹೆಂಡತಿ ಖದೀಜಮ್ಮ ಫೋನಿಗೆ ಬಂದರು. ನಾನು ಅವರನ್ನು ಒಮ್ಮೆಯೂ ನೋಡಿದವಳಲ್ಲ. ಕಂಬಗಳ ಲೆಕ್ಕದಿಂದ ಹಿಡಿದು ಸಹಿಯವರೆಗೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಇದನ್ನು ಆವಾಗ್ಲೇ ಒಂದು ಕಾಗದದಲ್ಲಿ ಬರ್ದು ಕೊಡ್ಬಹುದಿತ್ತಲ್ಲ," ಎಂದರು. "ನಿಮಗೆ ಬರೀಲಿಕ್ಕೆ ಬರ್ತದಲ್ಲ."

ಅಷ್ಟು ಹೇಳಿ ಅವರು ಫೋನ್ ಇಟ್ಟರು. ಕಚೇರಿಯಲ್ಲಿ ಸಾವಿರಾರು ಕಾಗದ ಬರೆದ ನಾನು ಇದನ್ನು ಕನ್ನಡದಲ್ಲಿ ಬರೆದಿದ್ದೇನೆ, ಆ ಮನೆಯಲ್ಲಿ ಗಟ್ಟಿಯಾಗಿ ಓದಿದರೆ ಎಲ್ಲರಿಗೂ ತಿಳಿಯಲಿ ಎಂದು. ಕುಂದಾಪುರದ ಹುಡುಗಿಗೆ ಎರಡನೆಯ ಪ್ರತಿ. ಮೊದಲನೆಯದು ವಿಟ್ಲಕ್ಕೆ ಹೋಗುತ್ತದೆ, ಕೆಳಗೆ ಆ ವರದಿಗೆ ಹಾಕಿದ ಅದೇ ಸಹಿ ಹಾಕಿ.